ತನಿಖೆಯೆಂಬ ಮುಚ್ಚಳ

ಹಗರಣವೊಂದನ್ನು ಮುಚ್ಚಿಹಾಕಬೇಕಾದರೆ ಅದರ ತನಿಖೆಗೆ ತಾನೇ ಆದೇಶಿಸುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ ಎಂಬುದು, ಲೆಕ್ಕಪರಿಶೋಧನಾ ಇಲಾಖೆಯಲ್ಲಿ ತಲೆ ನರೆಸಿಕೊಂಡ ನಮ್ಮ ಶೇಷಗಿರಿರಾಯರ ಸಿದ್ಧಾಂತ. 1987ರ ‘ನೋ ವೇ ಔಟ್’ ಚಿತ್ರವನ್ನು ನೋಡಿದ ಮೇಲಂತೂ, ಹಾಲಿವುಡ್ಡೇ ತಮ್ಮ ಪರವಾಗಿ ಸಾಕ್ಷಿ ನುಡಿದಂತೆ ಅವರು ಬೀಗುತ್ತಿದ್ದರು.

ಅಮೆರಿಕದ ರಕ್ಷಣಾ ಕಾರ್ಯದರ್ಶಿಯ ಪಾತ್ರದಲ್ಲಿ ಜೀನ್ ಹ್ಯಾಕ್‌ಮನ್ ಇದ್ದಾರೆ. ಗುಟ್ಟಿನ ಪ್ರೇಯಸಿಗೆ ಇನ್ನೊಬ್ಬ ಗೆಳೆಯನಿದ್ದಾನೆಂದು ಸಿಟ್ಟಿಗೆದ್ದು ಆತ ನಡೆಸಿದ ಜಗಳದಲ್ಲಿ ಅವಳು ಮೇಲಿನಿಂದ ಬಿದ್ದು ಸಾಯುತ್ತಾಳೆ. ಸಾಹೇಬರು ಶರಣಾಗಲು ಸಿದ್ಧರಾದರೂ ಅವರ ಆಪ್ತ ಅಧಿಕಾರಿ ಬಿಡುವುದಿಲ್ಲ. ಆ ಇನ್ನೊಬ್ಬ ಗೆಳೆಯನೇ ಕೊಲೆಗಾರ, ಅವನೇ ಪೆಂಟಗನ್ನಿನಲ್ಲಿ ಅಡಗಿರುವ ‘ಯೂರಿ’ ಎಂಬ ಸೋವಿಯತ್ ಗೂಢಚಾರ ಎಂದು ಕಥೆ ಕಟ್ಟಿ, ಅವನನ್ನು ಹಿಡಿಯುವ ಹೊಣೆಯನ್ನು ಕೆವಿನ್ ಕಾಸ್ಟ್ನರ್ ಅಭಿನಯಿಸಿದ ನೌಕಾಪಡೆಯ ಅಧಿಕಾರಿಗೆ ವಹಿಸುತ್ತಾನೆ. ಆ ಗೆಳೆಯ ಈ ಅಧಿಕಾರಿಯೇ!

“ಕಳ್ಳನನ್ನೇ ಕಾವಲಿಗೆ ಹಾಕಿದರು ಅನ್ನಿ,” ಎಂದರು ಇತಿಹಾಸದ ಅಧ್ಯಾಪಕಿ ವನಜಾಕ್ಷಿ.

“ಕಳ್ಳ ಇವನಲ್ಲವಲ್ಲ, ಮೇಡಂ! ನಿಜವಾದ ಅಪರಾಧಿ ಮೇಲಿನ ಕೊಠಡಿಯಲ್ಲಿ ಕುಳಿತು, ತನಿಖೆ ಎಲ್ಲಿಗೆ ಬಂತು ಎಂದು ವಿಚಾರಿಸುತ್ತಿದ್ದಾನೆ,” ಎಂದು ರಾಯರು ತಿದ್ದಿದರು.

ಕೆಲವು ಕಾಲ ವಾಷಿಂಗ್ಟನ್ನಿನಲ್ಲಿ ನೌಕರಿ ಮಾಡಿ ಬಂದ ಗುರುರಾಜನ ತಕರಾರೇ ಬೇರೆ. ನಾಯಕ ತಪ್ಪಿಸಿಕೊಂಡು ಓಡುತ್ತ ಜಾರ್ಜ್‌ಟೌನ್ ಮೆಟ್ರೋ ನಿಲ್ದಾಣಕ್ಕೆ ನುಗ್ಗುತ್ತಾನೆ, ಆದರೆ ಜಾರ್ಜ್‌ಟೌನಿನಲ್ಲಿ ಮೆಟ್ರೋ ನಿಲ್ದಾಣವೇ ಇಲ್ಲ, ಆ ದೃಶ್ಯವನ್ನು ಬಾಲ್ಟಿಮೋರಿನಲ್ಲಿ ತೆಗೆದಿದ್ದಾರೆ ಎಂದು ಅವನು ಮೇಜು ಕುಟ್ಟಿದ.

“ಇಲ್ಲದ ಗೂಢಚಾರನನ್ನು ಹುಡುಕುವವರಿಗೆ ಇಲ್ಲದ ನಿಲ್ದಾಣವೇನು ದೊಡ್ಡದಪ್ಪಾ?” ಎಂದರು ರಾಯರು. ಚಿತ್ರದ ಕೊನೆಯನ್ನು ಬಲ್ಲ ವನಜಾಕ್ಷಿಯವರು ಈ ಮಾತಿಗೆ ನಕ್ಕು ಸುಮ್ಮನಾದರು. ಚಿತ್ರ ನೋಡದ ನನ್ನಂಥವರ ಮೇಲಿನ ದಯೆಯಿರಬೇಕು.

ಮಾತು 1963ರ ಬ್ರಿಟನ್ನಿನತ್ತ ಹೊರಳಿತು. ಕ್ರಿಸ್ಟೀನ್ ಕೀಲರ್ ಎಂಬ ರೂಪದರ್ಶಿಯ ಜೊತೆಗಿನ ಪರಿಚಯದಲ್ಲಿ ಅನುಚಿತವಾದದ್ದು ಏನೂ ಇಲ್ಲವೆಂದು ಯುದ್ಧಮಂತ್ರಿ ಪ್ರೊಫ್ಯೂಮೊ ಮಾರ್ಚ್‌ನಲ್ಲಿ ಸಂಸತ್ತಿಗೆ ಹೇಳಿ, ಅದು ಸುಳ್ಳೆಂದು ಒಪ್ಪಿಕೊಂಡು ಜೂನ್‌ನಲ್ಲಿ ರಾಜೀನಾಮೆ ಕೊಟ್ಟದ್ದನ್ನು ವನಜಾಕ್ಷಿಯವರು ನೆನಪಿಸಿದರು. ಆ ಪ್ರಕರಣದ ಬಗ್ಗೆ ನ್ಯಾಯಮೂರ್ತಿ ಡೆನ್ನಿಂಗ್ ಬರೆದ ವರದಿಯನ್ನು ಕೊಳ್ಳಲು ಜನ ನಡುರಾತ್ರಿ ಸಾಲುಗಟ್ಟಿದ್ದರೆಂಬ ಸಂಗತಿಯನ್ನು ಕೇಳಿ ರಾಯರ ಮುಖ ಬಾಡಿತು. ಅವರು ಬರೆದ ವರದಿಗಳನ್ನು ಮೇಲಧಿಕಾರಿಗಳೂ ಓದಿದ ದಾಖಲೆಯಿಲ್ಲ.

ಆದರೆ ಮಾತು ಮತ್ತೆ ಚಿತ್ರಕ್ಕೆ ಮರಳಿ, ಸತ್ತವಳ ಮನೆಯಲ್ಲಿ ಸಿಕ್ಕ ಪೊಲರಾಯ್ಡ್ ಫೋಟೋದ ನೆಗೆಟಿವ್‌ನಲ್ಲಿರುವ ನಾಯಕನ ಮಸುಕು ಮುಖವನ್ನು ಕಂಪ್ಯೂಟರು ಗಂಟೆಗಟ್ಟಲೆ ಏಗಿ ಸ್ಪಷ್ಟಗೊಳಿಸುತ್ತಿರುವಾಗ, ಅವನು ತನ್ನ ರಕ್ಷಣೆಗಾಗಿ ಮೊರೆಹೋಗುವುದು ವಿದೇಶಿ ಗಣ್ಯರಿಂದ ಬಂದ ಉಡುಗೊರೆಗಳ ಸರ್ಕಾರಿ ಪಟ್ಟಿಗೆ ಎಂಬ ಘಟ್ಟ ಬಂದಾಗ ರಾಯರು ಮತ್ತೆ ಅರಳಿದರು. ಕಾರ್ಯದರ್ಶಿಗೆ ಬಂದ ಉಡುಗೊರೆಯೊಂದು ಸತ್ತವಳ ಮನೆ ಸೇರಿತ್ತು. ಪಟ್ಟಿ ಸಿಕ್ಕರೆ ಸಂಬಂಧ ಬಯಲಾಗುತ್ತದೆ.

“ನೋಡಿದಿರಾ? ಗೂಢಚರ್ಯೆ, ಬಂದೂಕು, ಬೆನ್ನಟ್ಟುವಿಕೆ, ಯಾವುದೂ ಕೆಲಸಕ್ಕೆ ಬರಲಿಲ್ಲ. ಸ್ಟಾಕ್ ರಿಜಿಸ್ಟರೇ ಬೇಕಾಯಿತು!” ಎಂದ ರಾಯರು, ಆ ಉಡುಗೊರೆ ಕಚೇರಿಯಿಂದ ಹೊರಹೋದ ದಿನ ಷರಾ ಬರೆದು ಸಹಿ ಹಾಕಿದವರು ಯಾರೆಂದು ಚಿತ್ರದಲ್ಲಿ ಒಬ್ಬರೂ ಕೇಳಲಿಲ್ಲವೆಂದು ನಿರ್ದೇಶಕರ ಮೇಲೇ ಆಡಿಟ್ ಆಕ್ಷೇಪಣೆ ಎತ್ತಿದರು.