ಸ್ಟೇಜಿನ ಎರಡು ಬದಿಗೂ ಸಬ್‌ವೂಫರ್: ನಡುವೆ ಬೇಸ್ ಜೋರು, ಮೂರು ಮೀಟರ್ ಸರಿದರೆ ಮಾಯ. ಯಾಕೆ?

ಮೈದಾನ_ಮೈಕ್
ಬಯಲಿನಲ್ಲಿ ರಸಮಂಜರಿ ಕಾರ್ಯಕ್ರಮದ ಸೆಟಪ್. 18 ಇಂಚಿನ ಎರಡು ಆಕ್ಟಿವ್ ಸಬ್ (ಆಂಪ್ಲಿಫೈಯರ್ ಒಳಗೇ ಇರುವ, ಬೇಸ್ ಮಾತ್ರ ನುಡಿಸುವ ಸಬ್‌ವೂಫರ್), ಸ್ಟೇಜಿನ ಎಡಕ್ಕೊಂದು ಬಲಕ್ಕೊಂದು, ನಡುವೆ 8 ಮೀಟರ್ ಅಂತರ. ಟಾಪ್‌ಗಳು (ಬೇಸ್‌ಗಿಂತ ಮೇಲಿನ ಸ್ವರಗಳ ಸ್ಪೀಕರ್) ಸ್ಟ್ಯಾಂಡ್ ಮೇಲೆ, ಕ್ರಾಸ್‌ಓವರ್ (ಸಬ್ ಮತ್ತು ಟಾಪ್ ಕೆಲಸ ಹಂಚಿಕೊಳ್ಳುವ ಗಡಿ) 100 ಹರ್ಟ್ಜ್. 10 ಮೀಟರ್ ದೂರದಲ್ಲಿ ನಟ್ಟನಡುವೆ ನಿಂತರೆ ಕಿಕ್ ಡ್ರಮ್ ಎದೆಗೆ ಬಡಿಯುತ್ತದೆ. ಪಕ್ಕಕ್ಕೆ ಮೂರು ಮೀಟರ್ ಸರಿದರೆ ಗುದ್ದೇ ಇಲ್ಲ, ಏಳು ಮೀಟರ್ ಹತ್ತಿರ ಮತ್ತೆ ಬರುತ್ತದೆ. ಈಕ್ವಲೈಜರ್‌ನಲ್ಲಿ 80 ಹರ್ಟ್ಜ್ ಏರಿಸಿದರೆ ನಡುವಿನವರಿಗೆ ಮಾತ್ರ ಕಿವಿಗಡಚಿಕ್ಕುತ್ತದೆ. ಒಂದು ಸಬ್‌ಗೆ ಡಿಲೇ ಕೊಟ್ಟರೆ (ಅದರ ಶಬ್ದವನ್ನು ತುಸು ತಡಮಾಡಿದರೆ) ಸರಿಹೋಗುತ್ತದೆಯೇ?

ನಾದಲೆಕ್ಕ
ಡಿಲೇಯಿಂದ ಆಗದು ಸಾರ್. ಅದು ಜೋರಾದ ಪಟ್ಟಿಯನ್ನು ನಡುವಿನಿಂದ ಒಂದು ಬದಿಗೆ ತಳ್ಳುತ್ತದೆ, ಅಷ್ಟೆ.

ನಿಮ್ಮ ಅಳತೆಗಳನ್ನೇ ಲೆಕ್ಕ ಹಾಕಿ. ನಡುವಿನಿಂದ 3 ಮೀಟರ್ ಬಲಕ್ಕೆ ನಿಂತವರಿಗೆ ಬಲದ ಸಬ್ 10.05 ಮೀಟರ್ ದೂರ, ಎಡದ್ದು 12.21. ವ್ಯತ್ಯಾಸ 2.16 ಮೀಟರ್. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 346 ಮೀಟರ್, ಹಾಗಾಗಿ 80 ಹರ್ಟ್ಜ್‌ನ ತರಂಗದೂರ (ಒಂದು ಪೂರ್ತಿ ಅಲೆಯ ಉದ್ದ) 4.3 ಮೀಟರ್. ನಿಮ್ಮ ವ್ಯತ್ಯಾಸ ಸರಿಯಾಗಿ ಅದರ ಅರ್ಧ! ಒಂದು ಸಬ್‌ನ ಅಲೆ ಗಾಳಿಯನ್ನು ಒತ್ತುವ ಹೊತ್ತಿಗೆ ಇನ್ನೊಂದರ ಅಲೆ ಸೆಳೆಯುತ್ತಿರುತ್ತದೆ. ದೂರದ ಸಬ್ ಸ್ವಲ್ಪ ಮೆಲ್ಲಗೆ ಕೇಳುವುದರಿಂದ ಪೂರ್ತಿ ಸೊನ್ನೆಯಾಗುವುದಿಲ್ಲ. ಆದರೂ ಎರಡೂ ಕೂಡಿದ್ದರೆ ಸಿಗುತ್ತಿದ್ದ ಮಟ್ಟಕ್ಕಿಂತ ಸುಮಾರು 20 ಡೆಸಿಬಲ್ ಕೆಳಗೆ. ಏಳು ಮೀಟರ್ ಹತ್ತಿರ ವ್ಯತ್ಯಾಸ 4.4 ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಪೂರ್ತಿ ತರಂಗದೂರ. ಅದಕ್ಕೇ ಅಲ್ಲಿ ಗುದ್ದು ವಾಪಸ್ ಬರುತ್ತದೆ.

2 ಮೀಟರ್ ಸರಿದಲ್ಲಿ 118 ಹರ್ಟ್ಜ್ ಸಾಯುತ್ತದೆ, 4 ಮೀಟರ್‌ನಲ್ಲಿ 62. ಒಂದೊಂದು ಕುರ್ಚಿಗೂ ಒಂದೊಂದು ತೂತು. ಈಕ್ವಲೈಜರ್ ಎರಡೂ ಸಬ್‌ಗಳನ್ನು ಒಟ್ಟಿಗೇ ಏರಿಸುತ್ತದೆ, ತೂತು ಹಾಗೇ ಉಳಿಯುತ್ತದೆ.

ಮಂಟಪದ ಒಳಗಾದರೆ ಗೋಡೆಗಳ ಪ್ರತಿಫಲನ ಈ ತೂತುಗಳನ್ನು ಸ್ವಲ್ಪ ಮುಚ್ಚುತ್ತದೆ, ಆದರೆ ಗೋಡೆ ತನ್ನದೇ ತೂತನ್ನೂ ಮಾಡುತ್ತದೆ. ಸಬ್ ಹಿಂದಿನ ಗೋಡೆಗೆ 1.2 ಮೀಟರ್ ದೂರವಿದ್ದರೆ, ಹೋಗಿಬರುವ 2.4 ಮೀಟರ್ 72 ಹರ್ಟ್ಜ್‌ನ ಅರ್ಧ ತರಂಗದೂರ. ಅಲ್ಲಿ ಸಬ್ ಅನ್ನು ಗೋಡೆಗೆ ಒತ್ತಿಯೇ ಇಡಿ.

ಕೇಬಲ್‌ಗಂಟು
ಲೆಕ್ಕ ಸರಿ. ಆದರೂ ಬಾಕ್ಸ್ ಎತ್ತಿಡುವ ಮುಂಚೆ ಪೊಲಾರಿಟಿ (ಎರಡೂ ಸಬ್ ಒಂದೇ ಹೊತ್ತಿಗೆ ಒಂದೇ ದಿಕ್ಕಿಗೆ ಗಾಳಿ ಒತ್ತುತ್ತಿವೆಯೇ ಎಂಬುದು) ನೋಡಿಬಿಡಿ. ಎರಡೂ ಸಬ್ ಪಕ್ಕಪಕ್ಕ ಇಟ್ಟು 60 ಹರ್ಟ್ಜ್ ಟೋನ್ ಮೆಲ್ಲಗೆ ಬಿಡಿ, ಒಂದರ ಪೊಲಾರಿಟಿ ಸ್ವಿಚ್ ತಿರುಗಿಸಿ. ಜೋರಾಗಿ ಕೇಳುವ ಸ್ಥಿತಿಯೇ ಸರಿ. ಒಂದೇ ಸಬ್ ಇದ್ದಾಗಿಗಿಂತ ಸುಮಾರು 6 ಡೆಸಿಬಲ್ ಏರಬೇಕು. ಸ್ವಿಚ್ ತಲೆಕೆಳಗಾದಾಗಲೇ ಜೋರಾದರೆ, ಎಕ್ಸ್‌ಎಲ್‌ಆರ್ (ಮೂರು ಪಿನ್‌ನ ಆಡಿಯೊ) ಕೇಬಲ್‌ನಲ್ಲಿ 2 ಮತ್ತು 3ನೇ ಪಿನ್ ಅದಲುಬದಲಾಗಿರುವುದು ಸಾಮಾನ್ಯ ಕಾರಣ. ನಿಮ್ಮಲ್ಲಿ ನಟ್ಟನಡುವೆ ಜೋರಿದೆ ಎಂದರೆ ಬಹುಶಃ ಸರಿಯಾಗಿಯೇ ಇದೆ. ಪೊಲಾರಿಟಿ ತಪ್ಪಿದ್ದರೆ ಅಲ್ಲೇ ಬೇಸ್ ಸತ್ತಿರುತ್ತಿತ್ತು.

ಪರಿಹಾರ: ಎರಡನ್ನೂ ಸ್ಟೇಜಿನ ಮುಂದೆ ನಡುವೆ ಅಂಟಿಸಿ ಇಡಿ. 100 ಹರ್ಟ್ಜ್‌ನ ತರಂಗದೂರ 3.46 ಮೀಟರ್. ಡ್ರೈವರ್‌ಗಳ (ಬಾಕ್ಸ್ ಒಳಗಿನ ಸ್ಪೀಕರ್ ಕೋನ್‌ಗಳ) ಅಂತರ ಅದರ ಅರ್ಧಕ್ಕಿಂತ ಸಾಕಷ್ಟು ಕಡಿಮೆಯಿದ್ದರೆ ಎರಡೂ ಸೇರಿ ಒಂದೇ ಸಬ್‌ನಂತೆ ವರ್ತಿಸುತ್ತವೆ, ಮೈದಾನದಲ್ಲಿ ಎಲ್ಲೂ ತೂತು ಬೀಳುವುದಿಲ್ಲ. ಹಲಗೆ ಸ್ಟೇಜಿನ ಅಡಿಗೆ ಮಾತ್ರ ತಳ್ಳಬೇಡಿ. ಹಲಗೆ ನಡುಗಿ ಮೈಕ್ ಸ್ಟ್ಯಾಂಡ್ ಮೂಲಕ ಗುಂಯ್ ಎಂದು ಫೀಡ್‌ಬ್ಯಾಕ್ ಶುರುವಾಗುತ್ತದೆ.

ಮೈದಾನ_ಮೈಕ್
ನಡುವೆ ಮೆಟ್ಟಿಲಿದೆ, ಗಣ್ಯರು ಹತ್ತುವ ಜಾಗ. ಅಲ್ಲಿ ಇಡಲು ಬಿಡುವುದಿಲ್ಲ.

ನಾದಲೆಕ್ಕ
ಹಾಗಾದರೆ ಎರಡನ್ನೂ ಒಂದೇ ಬದಿಗೆ, ಒಂದರ ಮೇಲೊಂದು ಇಡಿ. ನೋಡುವವರಿಗೆ ವಿಚಿತ್ರ ಅನ್ನಿಸಬಹುದು, ಕೇಳುವವರಿಗೆ ಒಳ್ಳೆಯದು. 10 ಮೀಟರ್ ಸಾಲಿನಲ್ಲಿ ನಡುವಿನಿಂದ ಎಡಕ್ಕೆ 8, ಬಲಕ್ಕೆ 8 ಮೀಟರ್‌ನಲ್ಲಿ ಕುಳಿತವರ ನಡುವೆ ಬರುವ ವ್ಯತ್ಯಾಸ ಸುಮಾರು 3 ಡೆಸಿಬಲ್. 20 ಡೆಸಿಬಲ್ ತೂತಿಗಿಂತ ಇದು ನೂರು ಪಾಲು ವಾಸಿ.

ಜಾಗ ಬದಲಾಯಿಸಿದ ಮೇಲೆ ಟಾಪ್ ಮತ್ತು ಸಬ್ ಹೊಂದಿಸುವುದನ್ನು ಮರೆಯಬೇಡಿ, 100 ಹರ್ಟ್ಜ್ ಸುತ್ತ ಎರಡೂ ಒಟ್ಟಿಗೆ ನುಡಿಯುತ್ತವೆ. ಇಲ್ಲಿ ಡಿಲೇ ನಿಜವಾಗಿ ಬೇಕು. ಎರಡು ಟಾಪ್‌ಗಳಿಗೂ ಸಮದೂರವಿರುವ ನಡುಗೆರೆಯಲ್ಲಿ, 12 ರಿಂದ 15 ಮೀಟರ್ ದೂರ ನಿಂತು 100 ಹರ್ಟ್ಜ್ ಟೋನ್ ಬಿಡಿ. ಸಬ್‌ಗಳ ಪೊಲಾರಿಟಿ ತಿರುಗಿಸಿ, ನಿಮಗೆ ಹತ್ತಿರವಿರುವುದಕ್ಕೆ (ಸಬ್ ಅಥವಾ ಟಾಪ್) ಡಿಲೇ ಸ್ವಲ್ಪಸ್ವಲ್ಪವೇ ಏರಿಸುತ್ತಾ ಶಬ್ದ ಅತಿ ಕಡಿಮೆಯಾಗುವ ಬಿಂದು ಹಿಡಿಯಿರಿ, ಆಮೇಲೆ ಪೊಲಾರಿಟಿ ಮತ್ತೆ ಸರಿಮಾಡಿ. ಅತಿ ಜೋರು ಬಿಂದುವನ್ನು ಕಿವಿ ಅಷ್ಟು ನಿಖರವಾಗಿ ಗುರುತಿಸಲಾರದು, ಅತಿ ಮೆಲ್ಲನೆಯದು ಥಟ್ಟನೆ ಗೊತ್ತಾಗುತ್ತದೆ. ಒಂದು ಮೀಟರ್ ಅಂತರಕ್ಕೆ 2.9 ಮಿಲಿಸೆಕೆಂಡ್ ಎಂದು ಮೊದಲೇ ಟೇಪ್ ಹಿಡಿದು ಅಂದಾಜು ಮಾಡಿಕೊಳ್ಳಿ. 100 ಹರ್ಟ್ಜ್‌ನಲ್ಲಿ ಅದೇ ಬಿಂದು ಪ್ರತಿ 10 ಮಿಲಿಸೆಕೆಂಡ್‌ಗೊಮ್ಮೆ ಮರಳಿ ಬರುತ್ತದೆ. ಅಂದಾಜು 3 ಇದ್ದು ನಿಮಗೆ 13 ಸಿಕ್ಕಿದರೆ ಟೋನ್ ಹೊಂದಿದಂತೆ ಕೇಳಿಸುತ್ತದೆ, ಕಿಕ್ ಮಾತ್ರ ಒಂದು ಸುತ್ತು ತಡವಾಗಿ ಬಡಿಯುತ್ತದೆ.