ಗೇಮಿಂಗ್ ಲ್ಯಾಪ್‌ಟಾಪ್‌ಗೆ ಎರಡು ಮಾನಿಟರ್: ಹೊಸದು 60 ಹರ್ಟ್ಜ್ ದಾಟುತ್ತಿಲ್ಲ

ಪ್ರಶ್ನೆ:
ಹಗಲು ವಿಡಿಯೊ ಸಂಕಲನ, ರಾತ್ರಿ ವಿಮಾನ ಹಾರಿಸುವ ಆಟ. ಎರಡಕ್ಕೂ ಲ್ಯಾಪ್‌ಟಾಪ್‌ನ ಪರದೆ ಸಾಲದೆ ಎರಡು ಮಾನಿಟರ್ ಇಟ್ಟುಕೊಂಡಿದ್ದೇನೆ. ಹೊಸದು 27 ಇಂಚಿನದು, 2560×1440, 144 ಹರ್ಟ್ಜ್ (ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸಬಲ್ಲದು). ಇನ್ನೊಂದು ಹಳೆಯ 1080ಪಿ, 60 ಹರ್ಟ್ಜ್. ಲ್ಯಾಪ್‌ಟಾಪ್‌ನಲ್ಲಿರುವುದು ಒಂದು ಎಚ್‌ಡಿಎಂಐ, ಒಂದು ಯುಎಸ್‌ಬಿ-ಸಿ ಅಷ್ಟೇ. ಮೊದಲು ಎಚ್‌ಡಿಎಂಐ ಸ್ಪ್ಲಿಟರ್ ತಂದೆ. ಎರಡರಲ್ಲೂ ಒಂದೇ ಚಿತ್ರ ಬಂತು. ಈಗ ಹಳೆಯದನ್ನು ನೇರವಾಗಿ ಎಚ್‌ಡಿಎಂಐಗೆ, ಹೊಸದನ್ನು ಯುಎಸ್‌ಬಿ-ಸಿ ಹಬ್‌ನ (ಒಂದು ಪೋರ್ಟ್‌ನಿಂದ ಹಲವು ಪೋರ್ಟ್ ಕೊಡುವ ಪೆಟ್ಟಿಗೆ) ಎಚ್‌ಡಿಎಂಐಗೆ ಸಿಕ್ಕಿಸಿದ್ದೇನೆ. ಮೂರು ಪರದೆಗಳೂ ಬೇರೆ ಬೇರೆಯಾಗಿ ಕೆಲಸ ಮಾಡುತ್ತಿವೆ. ಆದರೆ ಹೊಸದರ ಪಟ್ಟಿಯಲ್ಲಿ 144 ಕಾಣಿಸುವುದೇ ಇಲ್ಲ. ಗ್ರಾಫಿಕ್ಸ್ ಚಿಪ್‌ಗೆ ಭಾರ ಹೆಚ್ಚಾಯಿತೇ?

ಉತ್ತರ 1:
ಚಿಪ್‌ನ ತಪ್ಪಲ್ಲ. ನನ್ನ ಅನುಮಾನ ಹಬ್‌ನ ಮೇಲೆ. ಅದರ ಡಬ್ಬಿಯ ಮೇಲೆ ‘4ಕೆ, 30 ಹರ್ಟ್ಜ್’ ಎಂದು ಬರೆದಿದೆಯೇ ನೋಡಿ. ಹಾಗಿದ್ದರೆ ಒಳಗಿರುವುದು ಎಚ್‌ಡಿಎಂಐ 1.4ರ ಸಾಮರ್ಥ್ಯ, ಅಂದರೆ ಸೆಕೆಂಡಿಗೆ 10.2 ಗಿಗಾಬಿಟ್. ನಿಮ್ಮ 1440, 144 ಹರ್ಟ್ಜ್ ಅದರಲ್ಲಿ ಹಿಡಿಯುವುದಿಲ್ಲ. ಎಚ್‌ಡಿಎಂಐ 2.0 ಆದರೆ 18 ಗಿಗಾಬಿಟ್, ಅಷ್ಟು ಸಾಕು. ಏನನ್ನೂ ಕೊಳ್ಳುವ ಮೊದಲು ಎರಡು ಕೇಬಲ್‌ಗಳನ್ನು ಅದಲುಬದಲು ಮಾಡಿ. ಹಳೆಯ ಮಾನಿಟರ್‌ಗೆ ಆ ಹಬ್ ಬೇಕಾದಷ್ಟಾಯಿತು.

ಉತ್ತರ 2:
ಅದಲುಬದಲು ಸರಿ. ಜೊತೆಗೆ ಯಾವ ಪೋರ್ಟ್ ಯಾವ ಗ್ರಾಫಿಕ್ಸ್‌ಗೆ, ಅಂದರೆ ಆಟದ ದೊಡ್ಡ ಚಿಪ್‌ಗೋ ಪ್ರೊಸೆಸರ್‌ನೊಳಗಿನ ಚಿಕ್ಕದಕ್ಕೋ ಸೇರಿದೆ ಎಂಬುದನ್ನೂ ನೋಡಲೇಬೇಕು. ದೊಡ್ಡದು ಎನ್‌ವಿಡಿಯಾ ಚಿಪ್ ಆಗಿದ್ದರೆ ಅದರ ಕಂಟ್ರೋಲ್ ಪ್ಯಾನೆಲ್‌ನ ‘ಸರೌಂಡ್, ಫಿಸ್‌ಎಕ್ಸ್’ ಪುಟದಲ್ಲಿ ಚಿತ್ರ ಸಮೇತ ಸಿಗುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಯುಎಸ್‌ಬಿ-ಸಿ ಹೋಗಿ ಸೇರುವುದು ಪ್ರೊಸೆಸರ್‌ನೊಳಗಿನ ಚಿಕ್ಕ ಗ್ರಾಫಿಕ್ಸ್‌ಗೆ. ಇನ್ನೊಂದು ಮಾತು: ಆಟಕ್ಕೆಂದು ಡಿಸ್‌ಪ್ಲೇಲಿಂಕ್ ಅಡಾಪ್ಟರ್ ಮಾತ್ರ ಕೊಳ್ಳಬೇಡಿ. ಅದು ಚಿತ್ರವನ್ನು ಕುಗ್ಗಿಸಿ ಯುಎಸ್‌ಬಿ ಮೂಲಕ ಕಳಿಸುತ್ತದೆ, ಆ ದುಡಿಮೆ ಪ್ರೊಸೆಸರ್‌ನ ತಲೆಗೆ ಬೀಳುತ್ತದೆ. ಬರಹದ ಕೆಲಸಕ್ಕೆ ಪರವಾಗಿಲ್ಲ, ವೇಗದ ಆಟಕ್ಕೆ ಒಗ್ಗುವುದಿಲ್ಲ.

ಪ್ರಶ್ನೆ ಕೇಳಿದವರು:
ಡಬ್ಬಿಯ ಮೇಲೆ ಅದೇ ಬರೆದಿತ್ತು! ಕೇಬಲ್ ಬದಲಿಸಿದೊಡನೆ ಪಟ್ಟಿಯಲ್ಲಿ 144 ಬಂತು. ಆದರೂ ವಿಂಡೋಸ್ 60ರಲ್ಲೇ ಕುಳಿತಿತ್ತು. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ‘ಅಡ್ವಾನ್ಸ್ಡ್’ ಪುಟಕ್ಕೆ ಹೋಗಿ ನಾನೇ ಆರಿಸಿದೆ. ರನ್‌ವೇಗೆ ಇಳಿಯುವಾಗ ಅಂಚಿನ ದೀಪಗಳು ಈಗ ಎಷ್ಟು ನಯವಾಗಿ ಜಾರುತ್ತವೆ! ನೀವು ಹೇಳಿದಂತೆ ಯುಎಸ್‌ಬಿ-ಸಿ ಚಿಕ್ಕ ಗ್ರಾಫಿಕ್ಸ್‌ಗೇ ಸೇರಿದೆ, ಹಾಗಾಗಿ ಹಳೆಯ ಮಾನಿಟರ್‌ನಲ್ಲಿ ನಕ್ಷೆಯನ್ನಷ್ಟೇ ತೆರೆದಿಡುತ್ತೇನೆ. ಒಂದೇ ಸಂದೇಹ ಉಳಿದಿದೆ: ಏನೂ ಕೆಲಸವಿಲ್ಲದಾಗಲೂ ಫ್ಯಾನ್ ಸದ್ದು ಮಾಡುತ್ತದೆ.

ಉತ್ತರ 2:
ನಿಮ್ಮ ಎಚ್‌ಡಿಎಂಐ ದೊಡ್ಡ ಚಿಪ್‌ಗೆ ಸೇರಿದ್ದರೆ, ಅಲ್ಲಿ ಮಾನಿಟರ್ ಇರುವಷ್ಟು ಹೊತ್ತು ಆ ಚಿಪ್ ಮಲಗುವುದಿಲ್ಲ. ಬ್ಯಾಟರಿಯಲ್ಲಿ ಕೆಲಸ ಮಾಡುವಾಗ ಎಚ್‌ಡಿಎಂಐ ಕೇಬಲ್ ಕಳಚಿ, ಹಬ್‌ನದನ್ನು ಹಾಗೆಯೇ ಬಿಡಿ.