‘ಸಂಗಮ ದೂರ 2 ಮೀಟರ್’ ಸರಿಯೇ? ಜೋನ್ ಫೋಕಸ್‌ಗೆ ಕನ್ನಡವೇನು?

ಪ್ರಶ್ನೆ: ಬೆಂಗಳೂರಿನ ಚಿಕ್ಕಪೇಟೆ, ಅವೆನ್ಯೂ ರಸ್ತೆಗಳಲ್ಲಿ ಸಣ್ಣ ಕ್ಯಾಮೆರಾ ಹಿಡಿದು ಫೋಟೋ ತೆಗೆಯುವ ಹೊಸಬರಿಗಾಗಿ ಒಂದು ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಕರಡಿನಲ್ಲಿ ‘ಜೋನ್ ಫೋಕಸ್’ಗೆ, ಅಂದರೆ ಫೋಕಸ್ ಅನ್ನು ಮೊದಲೇ ಒಂದು ದೂರಕ್ಕೆ ಇಟ್ಟುಕೊಂಡು ಫೋಟೋ ತೆಗೆಯುವ ಬಗೆಗೆ, ‘ವಲಯ ಸಂಗಮ’ ಎಂದಿದೆ. ‘ಸಂಗಮ ದೂರವನ್ನು 2 ಮೀಟರಿಗೆ ಇಡಿ’ ಎಂಬ ಸೂಚನೆಯೂ ಇದೆ. ಈ ಬಳಕೆ ಸರಿಯೇ? ಬಲ್ಲವರು ತಿಳಿಸಿ.

ಉತ್ತರ: ಮೊದಲು ಆ ಸೂಚನೆಯನ್ನು ತಿದ್ದಿ ಸರ್, ಅದು ಓದುಗರ ದಾರಿ ತಪ್ಪಿಸುತ್ತದೆ. ನಮ್ಮ ವಿಜ್ಞಾನ ಪಠ್ಯಗಳಲ್ಲಿ ‘ಸಂಗಮ ದೂರ’ ಎಂದರೆ ಮಸೂರದ ಫೋಕಲ್ ಲೆಂತ್, ಅಂದರೆ ದೂರದಿಂದ ಬಂದ ಬೆಳಕು ಮಸೂರದಿಂದ ಎಷ್ಟು ದೂರದಲ್ಲಿ ಒಂದೆಡೆ ಕೂಡುತ್ತದೆ ಎಂಬುದು. ರಿಕೋ ಜಿಆರ್ 3 ಎಂಬ ಸಣ್ಣ ಕ್ಯಾಮೆರಾದಲ್ಲಿ ಅದು 18.3 ಮಿಲಿಮೀಟರ್, ಬದಲಿಸಲು ಬರುವುದಿಲ್ಲ. ನೀವು 2 ಮೀಟರಿಗೆ ಇಡುವುದು ಫೋಕಸ್ ನಿಲ್ಲುವ ದೂರ. ಅದನ್ನು ‘ಫೋಕಸ್ ದೂರ’ ಎಂದೇ ಬರೆಯಿರಿ.

‘ವಲಯ’ವೂ ಬೇಡ. ಕೆಲವು ಕ್ಯಾಮೆರಾಗಳ ಆಟೋಫೋಕಸ್‌ನಲ್ಲಿ ‘ಜೋನ್’ ಎಂಬ ಬೇರೆಯದೇ ಆಯ್ಕೆ ಇದೆ, ಅದು ಚೌಕಟ್ಟಿನೊಳಗಿನ ಒಂದು ಭಾಗ. ಜೋನ್ ಫೋಕಸ್‌ನಲ್ಲಿ ಲೆಕ್ಕಕ್ಕೆ ಬರುವುದು ನಿಮ್ಮಿಂದ ಮುಂದಕ್ಕೆ ಚಾಚುವ ದೂರ. ಎರಡಕ್ಕೂ ‘ವಲಯ’ ಎಂದರೆ ಓದುಗ ಮೆನುವಿನಲ್ಲಿ ತಪ್ಪು ಕಡೆ ಹೋಗುತ್ತಾನೆ. ಜೋನ್ ಫೋಕಸ್ ಎಂಬ ಹೆಸರನ್ನು ಹಾಗೇ ಉಳಿಸಿ, ಒಳಗಿನ ವಿವರಣೆ ಕನ್ನಡದ್ದಾಗಲಿ.

ಆ ವಿವರಣೆಗೆ ‘ನಿಚ್ಚಳ ಹರವು’ ಎಂಬ ಮಾತು ಬಳಸಬಹುದು: ಎಷ್ಟು ಹತ್ತಿರದಿಂದ ಎಷ್ಟು ದೂರದವರೆಗೆ ಚಿತ್ರ ನಿಚ್ಚಳವಾಗಿ ಬರುತ್ತದೆ ಎಂಬುದು. ಅದೇ ಕ್ಯಾಮೆರಾದಲ್ಲಿ ಎಫ್/8 (ಇದು ದ್ಯುತಿರಂಧ್ರದ, ಅಂದರೆ ಮಸೂರದಲ್ಲಿ ಬೆಳಕು ಬರುವ ಕಂಡಿಯ ಅಳತೆ; ಅಂಕಿ ಚಿಕ್ಕದಾದಷ್ಟೂ ಕಂಡಿ ದೊಡ್ಡದು), ಫೋಕಸ್ ದೂರ 2 ಮೀಟರ್ ಇಟ್ಟರೆ ಸುಮಾರು 1 ಮೀಟರಿನಿಂದ 20 ಮೀಟರಿನಾಚೆಗೂ ನಿಚ್ಚಳ. ಎಫ್/2.8ಕ್ಕೆ ತೆರೆದರೆ ಅದು ಸುಮಾರು ಒಂದೂವರೆಯಿಂದ 3 ಮೀಟರಿಗೆ ಕುಗ್ಗುತ್ತದೆ. ಕೆ.ಆರ್. ಮಾರುಕಟ್ಟೆಯ ಒಳಗಿನ ಮಬ್ಬಿನಲ್ಲಿ ಹೊಸಬರು ಎಡವುವುದು ಇಲ್ಲೇ: ಬೆಳಕಿಗಾಗಿ ದ್ಯುತಿರಂಧ್ರ ತೆರೆಯುತ್ತಾರೆ, ಹರವು ಕುಗ್ಗಿದ್ದನ್ನು ಮರೆಯುತ್ತಾರೆ.

ದೂರ ಅಂದಾಜಿಸಲು ಮೀಟರಿಗಿಂತ ಮಾರು ಒಳ್ಳೆಯದು. ಹೂವಿನವರು ಇಂದಿಗೂ ಮೊಳ, ಮಾರಿನಲ್ಲೇ ಅಳೆಯುವುದು. ನಾಲ್ಕು ಮೊಳಕ್ಕೆ ಒಂದು ಮಾರು, ಅಂದರೆ ಸುಮಾರು 1.8 ಮೀಟರ್. ‘ಎದುರಿನವರು ಒಂದು ಮಾರಿನಷ್ಟು ಹತ್ತಿರ ಬಂದಾಗ ಒತ್ತಿ’ ಎಂದು ಬರೆದರೆ ಎರಡೂ ಕೈ ಚಾಚಿ ನೋಡಿದವನಿಗೂ ಅರ್ಥವಾಗುತ್ತದೆ. ಎಫ್/8ರಲ್ಲಿ ಎರಡೂವರೆ ಮೊಳಕ್ಕಿಂತ ಹತ್ತಿರ ಬಂದ ಮುಖ ಮಸುಕಾಗುತ್ತದೆ ಎಂದೂ ಸೇರಿಸಿ.

ಬಟನ್ ಒತ್ತುವ ಬಗೆಯನ್ನು ಕೈಪಿಡಿ ಬಿಡಬಾರದು. ಜಿಆರ್‌ನಲ್ಲಿ ‘ಫುಲ್ ಪ್ರೆಸ್ ಸ್ನ್ಯಾಪ್’ ಆನ್ ಇದ್ದಾಗ ಶಟರ್ ಅನ್ನು ಅರ್ಧ ಒತ್ತಿದರೆ ಆಟೋಫೋಕಸ್ ಹುಡುಕಾಟಕ್ಕೆ ಇಳಿಯುತ್ತದೆ. ಒಂದೇ ಸಲ ಪೂರ್ತಿ ಒತ್ತಿದರೆ ಮೊದಲೇ ಇಟ್ಟ ದೂರದಲ್ಲೇ ಫೋಟೋ ಬೀಳುತ್ತದೆ. ‘ಕ್ಲಿಕ್ ಮಾಡಿ’ ಎಂದಷ್ಟೇ ಬರೆದರೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಸೇರ್ಪಡೆ: ಮೇಲಿನವರ ಮಾತು ಒಪ್ಪಿದೆ. ಕರಡಿನಲ್ಲಿ ಕೆಟ್ಟ ಫೋಟೋಗಳಿಗೆಲ್ಲ ‘ಮಸುಕು’ ಎಂಬ ಒಂದೇ ಪದವಿದ್ದರೆ ಅದನ್ನೂ ಒಡೆಯಬೇಕು, ಏಕೆಂದರೆ ಪರಿಹಾರ ಬೇರೆ ಬೇರೆ. ಮುಖ ಮಸುಕಾಗಿ ಹಿಂದಿನ ಅಂಗಡಿ ಫಲಕ ನಿಚ್ಚಳವಾಗಿದ್ದರೆ ಅದು ಫೋಕಸ್ ತಪ್ಪಿದ ‘ಮಸುಕು’. ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ‘ಅಲುಗಿದೆ’. ಗೋಡೆ ಸರಿಯಿದ್ದು ನಡೆಯುವವರ ಕಾಲು ಮಾತ್ರ ಎಳೆದಿದ್ದರೆ ಶಟರ್ ನಿಧಾನವಾಗಿದೆ. ನಡಿಗೆಗೆ 1/500 ಸೆಕೆಂಡ್ ಇಡಿ. ತೆರೆದ ನೆರಳಿನಲ್ಲಿ ಎಫ್/8, 1/500ಕ್ಕೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಸುಮಾರು 1000 ಬೇಕು. ಅವೆನ್ಯೂ ರಸ್ತೆ ಉತ್ತರ ದಕ್ಷಿಣವಾಗಿ ಚಾಚಿರುವುದರಿಂದ ಬೆಳಗ್ಗೆ ಬಹುಪಾಲು ನೆರಳೇ, ನೆಲಕ್ಕೆ ಬಿಸಿಲು ಇಳಿಯುವುದು ನಡುಹಗಲಿಗೆ. ಪೂರ್ವ ಪಶ್ಚಿಮದ ಚಿಕ್ಕಪೇಟೆಯಲ್ಲಿ ಬೆಳಗಿನ ಬಿಸಿಲು ಬೀದಿಯುದ್ದಕ್ಕೂ ಓರೆಯಾಗಿ ಬರುತ್ತದೆ. ಆದ್ದರಿಂದ ಐಎಸ್‌ಒವನ್ನು ಆಟೋದಲ್ಲಿಟ್ಟು ಮೇಲ್ಮಿತಿಯನ್ನು 6400ಕ್ಕೆ ನಿಲ್ಲಿಸುವಂತೆ ಕೈಪಿಡಿಯಲ್ಲಿ ಹೇಳಿದರೆ ಎರಡೂ ಬೀದಿಗೆ ಸಾಕು.